ಅಪ್ಪೆಮಿಡಿ ಸೊನೆ ಬಿದ್ದ ಕಾರು, ಸಂಜೆ ಐದಕ್ಕೆ ಡೆಲಿವರಿ

ಮರದ ಅಂಟು ಬಿದ್ದ ಕಾರಿಗೆ ತೊಳೆಯುವ ಮೊದಲೇ ರೇಟು ಹೇಳಬೇಡಿ. ಡೆಲಿವರಿ ಟೈಮಂತೂ ಹೇಳಲೇಬೇಡಿ. ಶಿವಮೊಗ್ಗದಲ್ಲಿ ಪೇಂಟ್ ಕೆಲಸ ಮಾಡುವ ಎಲ್ಲರಿಗೂ ಇದು ಗೊತ್ತು. ಆದರೂ ಕೌಂಟರ್‌ನಲ್ಲಿ ಕೂತವರು ದಿನಾ ಅದನ್ನೇ ಮಾಡುತ್ತಾರೆ, ಅನುಭವಿಸುವುದು ಮಾತ್ರ ಪಾಲಿಶ್ ಮಾಡುವ ಬಫ್ ಮಷೀನ್ ಹಿಡಿದವನು.

ಈ ಸಲದ ಮಿಡಿ ಸೀಸನ್‌ನಲ್ಲಿ ಬಂದ ಒಂದು ಕಾರು ಇನ್ನೂ ತಲೆಯಿಂದ ಹೋಗಿಲ್ಲ. ತೀರ್ಥಹಳ್ಳಿ ಕಡೆಯ ಮೇಷ್ಟ್ರೊಬ್ಬರದ್ದು, ಕಡುನೀಲಿ ಮೆಟಾಲಿಕ್. ಮನೆ ಪಕ್ಕದ ಅಪ್ಪೆಮಿಡಿ ಮರ ಹತ್ತಿ ಮಿಡಿ ಕೊಯ್ದಿದ್ದಾರೆ, ಕಾರು ಕೆಳಗೇ ನಿಂತಿತ್ತು. ಅಪ್ಪೆಮಿಡಿಯನ್ನು ತೊಟ್ಟು ಸಮೇತ ಕೊಯ್ಯುವುದೇ ಸೊನೆ ಉಳಿಯಲಿ ಅಂತ. ಉಪ್ಪಿನಕಾಯಿಯ ಘಮ, ಬಾಳಿಕೆ ಎರಡೂ ಅದರಲ್ಲೇ ಇದೆ. ಎಷ್ಟೇ ಜೋಪಾನ ಮಾಡಿದರೂ ಕೆಲವು ತೊಟ್ಟು ಮುರಿಯುತ್ತವೆ, ಸೊನೆ ಚಿರ್ ಅಂತ ಹಾರುತ್ತದೆ. ಮೈಗೆ ತಾಗಿದರೆ ಚರ್ಮ ಸುಟ್ಟು ಕಪ್ಪಾಗುವ ಸೊನೆ ಅದು. ಬಾನೆಟ್, ರೂಫ್ ಮೇಲೆ ಬಿದ್ದದ್ದು ಬಿಸಿಲಿಗೆ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಸಾಲದು ಅಂತ ಮನೆಯಲ್ಲಿ ಯಾರೋ ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ಹಿಡಿದು ಉಜ್ಜಿಯೂ ಇದ್ದರು.

ಜಾಬ್ ಕಾರ್ಡ್ ನನ್ನ ಕೈಗೆ ಬರುವಾಗಲೇ ಅದರಲ್ಲಿ ‘ಸ್ಟೇನ್ ರಿಮೂವಲ್, ಸಂಜೆ 5’ ಅಂತ ಪ್ರಿಂಟ್ ಆಗಿತ್ತು. ಕೌಂಟರ್‌ನಲ್ಲಿ ಕೂರುವ ಅಡ್ವೈಸರ್ ಹೊರಗೆ ಬಂದು ಕಾರು ನೋಡಿರಲೇ ಇಲ್ಲ. ನಾನು ಒಂದು ಸುತ್ತು ಬಂದು ‘ಆಗುತ್ತೆ’ ಅಂದೆ. ಹಲಸಿನ ಮೇಣದ ಲೆಕ್ಕ ಹಾಕಿದ್ದೆ ನಾನು. ಹಲಸಿನ ಮೇಣ ಎಷ್ಟೇ ದಪ್ಪ ಕೂತಿದ್ದರೂ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಮೆತ್ತಗಾಗಿ ಎದ್ದು ಬರುತ್ತದೆ, ಎಷ್ಟೋ ಸಲ ಕೆಳಗೆ ಪೇಂಟ್ ಹಾಗೇ ಇರುತ್ತದೆ. ಮಾವಿನ ಸೊನೆ ಹಾಗಲ್ಲ. ಅದರಲ್ಲಿ ಹುಳಿಯೂ ಇದೆ, ಟರ್ಪೆಂಟೈನ್ ಜಾತಿಯ ಎಣ್ಣೆಯೂ ಇದೆ. ಅದು ಪೇಂಟ್ ಮೇಲೆ ಸುಮ್ನೆ ಕೂರುವುದಿಲ್ಲ, ಕ್ಲಿಯರ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಅದರೊಳಗೆ ಇಳಿಯುತ್ತದೆ. ಒಣಗುತ್ತಾ ಕುಗ್ಗುವಾಗ ಕ್ಲಿಯರನ್ನೂ ಜೊತೆಗೆ ಎಳೆಯುತ್ತದೆ.

ತೊಳೆದು, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ನೆನೆಸಿದ ಬಟ್ಟೆಯನ್ನು ಒಂದೊಂದು ಕಲೆಯ ಮೇಲೂ ಇಟ್ಟು, ಉಜ್ಜದೆ ಎತ್ತಿದೆ. ಆಮೇಲೆ ಕ್ಲೇ, ಅಂದರೆ ಪೇಂಟ್‌ಗೆ ಅಂಟಿದ್ದನ್ನು ಎಳೆದು ತೆಗೆಯುವ ಜೇಡಿಯಂಥ ಮುದ್ದೆ. ಅಂಟು ಪೂರ್ತಿ ಹೋಯಿತು. ಲೈಟ್ ಹಿಡಿದು ನೋಡಿದರೆ ಒಂದೊಂದು ಕಲೆಯ ಜಾಗದಲ್ಲೂ ಉಂಗುರದ ಹಾಗೆ ಗುಂಡಿ, ಅಂಚು ಸ್ವಲ್ಪ ಉಬ್ಬಿದೆ. ರೂಫ್‌ನವು ಪರವಾಗಿಲ್ಲ. ಬಾನೆಟ್ ಮೇಲಿನವು ಉಗುರಿಗೆ ಸಿಗುತ್ತಿದ್ದವು. ಉಗುರಿಗೆ ಸಿಕ್ಕಿತು ಅಂದರೆ ಕಾಂಪೌಂಡ್ ಅನ್ನುವ ಪಾಲಿಶ್ ಪೇಸ್ಟ್‌ನಲ್ಲಿ ಮುಗಿಯುವ ಕೆಲಸ ಅಲ್ಲ, ಸ್ಯಾಂಡ್ ಪೇಪರ್ ಹಿಡಿಯಲೇಬೇಕು.

ಪೇಪರ್ ಹಿಡಿಯುವ ಮೊದಲು ಪೇಂಟ್ ದಪ್ಪ ಅಳೆಯುವ ಮೀಟರ್ ಬೇಕಲ್ವಾ? ಅದು ಮ್ಯಾನೇಜರ್ ಡ್ರಾಯರ್‌ನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ. ಅವರು ಊಟ ಮುಗಿಸಿ ಬರುವ ತನಕ ಕಾದೆ. ಬಾನೆಟ್‌ನಲ್ಲಿ 108 ಮೈಕ್ರಾನ್ ತೋರಿಸಿತು. ಫ್ಯಾಕ್ಟರಿ ಪೇಂಟೇ, ರೀಪೇಂಟ್ ಆಗಿಲ್ಲ. ಆದರೆ ಮೀಟರ್ ಹೇಳುವುದು ಲೋಹದಿಂದ ಮೇಲಕ್ಕೆ ಒಟ್ಟು ದಪ್ಪ. ಅದರಲ್ಲಿ ಕ್ಲಿಯರ್ ಎಷ್ಟು ಅಂತ ಹೇಳುವುದಿಲ್ಲ. ಸಾಮಾನ್ಯವಾಗಿ ನಲವತ್ತರ ಆಸುಪಾಸು, ಅಂದರೆ ತಲೆಕೂದಲಿಗಿಂತ ತೆಳು. ಆ ತೆಳುವಿನಲ್ಲೇ ಗುಂಡಿಯ ಅಂಚು ಇಳಿಸಬೇಕು, ಮೇಲೆ ಬಿಸಿಲು ತಡೆಯುವಷ್ಟನ್ನು ಉಳಿಸಲೂ ಬೇಕು. ಈಗ ಜಾಸ್ತಿ ತೆಗೆದರೆ ಇವತ್ತು ಏನೂ ಕಾಣುವುದಿಲ್ಲ. ಕೆಲವು ಬೇಸಿಗೆ ಕಳೆದ ಮೇಲೆ ಅಲ್ಲೇ ಬಿಳಿಚಿಕೊಂಡು ಸಿಪ್ಪೆ ಏಳುತ್ತದೆ, ಆಗ ಯಾರನ್ನು ಕೇಳುತ್ತಾರೆ?

2000 ಪೇಪರ್ ಹಾಕಿದೆ, ಶಾಂಪೂ ನೀರು ಬಿಡುತ್ತಾ. ಬಂದ ನೀರು ಬೆಳ್ಳಗಿತ್ತು, ಅಂದರೆ ಹೋಗುತ್ತಿರುವುದು ಕ್ಲಿಯರೇ. ಆಮೇಲೆ ಇನ್ನೂ ನಯವಾದ 3000 ಹಾಕಿ, ರೋಟರಿ ಬಫ್ ಮಷೀನ್ ಹಿಡಿದೆ. ಗುಂಡಿಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ದೊಡ್ಡ ಗುಂಡಿಯ ಮೇಲೆ ಎರಡು ಪಾಸ್ ಹೊಡೆದು ಪ್ಯಾಡ್ ತಿರುಗಿಸಿ ನೋಡಿದರೆ, ನೀಲಿ.

ಮೆಟಾಲಿಕ್ ಕಾರಿನಲ್ಲಿ ಪ್ಯಾಡ್‌ಗೆ ಬಣ್ಣ ಬಂತು ಅಂದರೆ ಕ್ಲಿಯರ್ ಮುಗಿದು ಬೇಸ್, ಅಂದರೆ ಕೆಳಗಿನ ಬಣ್ಣದ ಪದರ, ಸಿಕ್ಕಿದೆ ಅಂತ ಅರ್ಥ. ಬಾನೆಟ್ ಪೂರ್ತಿ ಹೊಸ ಪೇಂಟ್ ಹೊಡೆಯಲು ಬೂತ್‌ಗೆ ಹೋಗಬೇಕು, ಕಡುನೀಲಿ ಮೆಟಾಲಿಕ್ ಮ್ಯಾಚ್ ಆಗಬೇಕಾದರೆ ಎರಡೂ ಫೆಂಡರ್‌ಗೆ ಅದೇ ಬಣ್ಣ ಹರಡಿ ಬ್ಲೆಂಡ್ ಕೊಡಬೇಕು. ರೋಟರಿ ಕೆಳಗಿಟ್ಟೆ. ಅದೇ ಹೊತ್ತಿಗೆ ಕರೆಂಟ್ ಹೋಯಿತು. ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ, ಬಾನೆಟ್ ಮೇಲೆ ಕಾಂಪೌಂಡ್ ಪುಡಿ, ಅದರ ಕೆಳಗೆ ಏನಿದೆ ಅಂತ ಒರೆಸಿ ನೋಡಲು ಕೈ ಹೋಗಲಿಲ್ಲ. ಬೆನ್ನೆಲ್ಲ ಬೆವರು. ಮೇಷ್ಟ್ರು ಹೊರಗೆ ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂತಿದ್ದರು.

ಕೊನೆಗೆ ನಮ್ಮ ಹುಡುಗನನ್ನು ಕೇಳಿದೆ. ‘ಈ ಪ್ಯಾಡ್ ಬೆಳಗ್ಗೆ ಯಾವುದಕ್ಕೆ ಹಾಕಿದ್ದೆ?’ ‘ಆ ಹಳೇ ನೀಲಿ ವ್ಯಾನ್‌ಗೆ ಅಣ್ಣ, ತೊಳೆದೇ ಇಟ್ಟಿದ್ದೆ.’ ಅದು ಕ್ಲಿಯರ್ ಇಲ್ಲದ ಸಾಲಿಡ್ ಪೇಂಟ್, ಪ್ಯಾಡ್ ಬಣ್ಣ ಕುಡಿದೇ ಕುಡಿಯುತ್ತದೆ. ಹುಡುಗನ ತಪ್ಪಲ್ಲ. ಹೊಸ ಪ್ಯಾಡ್ ಕೇಳಿದರೆ ‘ಇದ್ದದ್ದರಲ್ಲೇ ನಡೆಸಿ’ ಅನ್ನುವವರ ತಪ್ಪು. ಹೊಸ ಬಿಳಿ ಪ್ಯಾಡ್ ಒಡೆಸಿ, ಕರೆಂಟ್ ಬಂದ ಮೇಲೆ ಅದೇ ಜಾಗದಲ್ಲಿ ನಿಧಾನಕ್ಕೆ ಒಂದು ಪಾಸ್ ಕೊಟ್ಟೆ. ಪ್ಯಾಡ್ ಬೆಳ್ಳಗೇ ಇತ್ತು.

ಅಲ್ಲಿಗೇ ನಿಲ್ಲಿಸಿದೆ. ಎರಡು ಗುಂಡಿಯ ಗುರುತು ಇನ್ನೂ ಇತ್ತು, ಓರೆಯಾಗಿ ನಿಂತು ನೋಡಿದರೆ ಕಾಣುತ್ತಿತ್ತು. ಮ್ಯಾನೇಜರ್ ಬಂದು ‘ಗ್ಲೇಜ್ ಹಾಕಿ ಕಳಿಸಿ, ಏನೂ ಕಾಣಲ್ಲ’ ಅಂದರು. ಗ್ಲೇಜ್ ಅಂದರೆ ಗುರುತು ಮುಚ್ಚುವ ಪಾಲಿಶ್, ನಾಲ್ಕು ಸಲ ತೊಳೆದರೆ ಹೋಗುತ್ತದೆ, ಗುರುತು ವಾಪಸ್ ಬರುತ್ತದೆ. ನಾನು ಒಪ್ಪಲಿಲ್ಲ. ಮೇಷ್ಟ್ರನ್ನೇ ಒಳಗೆ ಕರೆದು ಲೈಟ್ ಹಿಡಿದು ತೋರಿಸಿದೆ, ಇನ್ನೂ ಉಜ್ಜಿದರೆ ಏನಾಗುತ್ತದೆ ಅಂತಲೂ ಹೇಳಿದೆ. ಅವರು ಬಗ್ಗಿ ನೋಡಿ, ‘ಇಷ್ಟಕ್ಕೆ ಬಿಡಿ ಮಾರಾಯ್ರೆ, ಒರಿಜಿನಲ್ ಪೇಂಟ್ ಉಳೀತಲ್ಲ’ ಅಂದರು. ಗಂಟೆ ಏಳಾಗಿತ್ತು. ತಡವಾಗಿದ್ದಕ್ಕೆ ಬೈಸಿಕೊಂಡದ್ದು ನಾನು, ಅಡ್ವೈಸರ್ ಅಲ್ಲ.

ಈಗ ಅಂಟಿನ ಕಾರು ಬಂದರೆ ಜಾಬ್ ಕಾರ್ಡ್ ಮೇಲೆ ‘ತೊಳೆದ ಮೇಲೆ ರೇಟು, ಟೈಮು’ ಅಂತ ನಾನೇ ಪೆನ್ನಿನಲ್ಲಿ ಬರೆದು ಕಸ್ಟಮರ್ ಸಹಿ ಹಾಕಿಸುತ್ತೇನೆ. ಅದಕ್ಕೂ ಕೌಂಟರ್‌ನವರು ಮುಖ ಗಂಟು ಹಾಕುತ್ತಾರೆ, ಹಾಕಲಿ.

ಮನೆಯಲ್ಲಿ ಮಾವಿನ ಮರ ಇರುವವರಿಗೆ ಇನ್ನೊಂದು ಮಾತು. ಹೂ ಬಿಡುವ ಕಾಲದಲ್ಲಿ ಕಾರಿನ ಮೇಲೆ ಜಿಗುಟು ಜಿಗುಟಾಗಿ ಬೀಳುವುದು ಬಹುಪಾಲು ಸೊನೆ ಅಲ್ಲ, ಜಿಗಿಹುಳು ಬಿಡುವ ಸಿಹಿನೀರು. ಬೇಗ ತೊಳೆದರೆ ಶಾಂಪೂ ನೀರಿಗೇ ಹೋಗುತ್ತದೆ, ಬಿಟ್ಟರೆ ಕಪ್ಪು ಬೂಷ್ಟು ಹಿಡಿಯುತ್ತದೆ. ಸೊನೆ ಬಿದ್ದರೆ ಮಾತ್ರ ಅವತ್ತೇ, ಕಾರು ನೆರಳಲ್ಲಿ ತಣ್ಣಗಿರುವಾಗ, ನೀರು ಧಾರಾಳ ಬಿಟ್ಟು ಮೆತ್ತನೆ ಬಟ್ಟೆಯಲ್ಲಿ ತೆಗೆಯಿರಿ. ಬ್ಲೇಡ್, ಸ್ಕ್ರಬ್ಬರ್, ಥಿನ್ನರ್ ಮುಟ್ಟಬೇಡಿ. ಹಿಂದೆ ಎಲ್ಲಾದರೂ ಲೋಕಲ್ ಪೇಂಟ್ ಹೊಡೆಸಿದ್ದರೆ ಥಿನ್ನರ್ ಅಂಟಿನ ಜೊತೆಗೆ ಪೇಂಟನ್ನೂ ಕರಗಿಸಿ ತೆಗೆಯುತ್ತದೆ. ಮಿಡಿ ಕೊಯ್ಯುವ ದಿನ ಕಾರನ್ನು ಗೇಟಿನಾಚೆ ನಿಲ್ಲಿಸಿ.