ಒಂದೇ ಲಿಪಿ, ಎರಡು ಇಸವಿ

9 ಅಕ್ಟೋಬರ್ 2024, ಬುಧವಾರ

ದಿನಕ್ಕೊಂದು ಸಂಗತಿ ಬರೆದಿಡುವ ನನ್ನ ಪುಸ್ತಕದಲ್ಲಿ ಈ ದಿನದ ಪಾಲಿಗೆ ಬಂದದ್ದು ಒಂದೇ ವಾಕ್ಯ: ಕೊರಿಯನ್ ಭಾಷೆಯ ಹಂಗುಲ್ ಲಿಪಿಯನ್ನು ದೊರೆ ಸೆಜೋಂಗ್ 1446ರಲ್ಲಿ ಪ್ರಕಟಿಸಿದ, ದಕ್ಷಿಣ ಕೊರಿಯಾದಲ್ಲಿ ಅಕ್ಟೋಬರ್ 9 ಆ ಲಿಪಿಯ ದಿನ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಅಣ್ಣನ ಮಗಳು ಅದನ್ನು ನೋಡಿ, "ಅತ್ತೆ, ನನ್ನ ಪ್ರಶ್ನೋತ್ತರದ ಪುಸ್ತಕದಲ್ಲಿ 1443 ಅಂತ ಇದೆ. ಯಾವುದು ಸರಿ?" ಎಂದು ಕೇಳಿದಳು.

ಎರಡೂ ಸರಿ ಎಂದೆ. ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕಬೇಕಾದವಳಿಗೆ ಈ ಉತ್ತರ ಹಿಡಿಸದೇ ಇದ್ದದ್ದು ಸಹಜ. ಅಕ್ಷರಗಳನ್ನು ರೂಪಿಸಿದ್ದು ಒಂದು ವರ್ಷ, ಅವುಗಳ ವಿವರಣೆಯ ಗ್ರಂಥ ಹೊರಬಂದದ್ದು ಇನ್ನೊಂದು ವರ್ಷ ಎಂದು ಬಿಡಿಸಿ ಹೇಳಿದೆ. ದೊರೆ 28 ಅಕ್ಷರಗಳನ್ನು ಸ್ವತಃ ರಚಿಸಿದನೆಂದು ಆಸ್ಥಾನದ ದಾಖಲೆ 1443ರ ಹನ್ನೆರಡನೆಯ ತಿಂಗಳಿನಲ್ಲಿ ಹೇಳುತ್ತದೆ. ಆದರೆ ಆ ತಿಂಗಳು ಚಾಂದ್ರಮಾನದ್ದು. ನಾವು ಇಂದು ಬಳಸುವ ಕ್ಯಾಲೆಂಡರಿಗೆ ಹೊಂದಿಸಿದರೆ ಅದರ ಬಹುಭಾಗ 1444ರ ಜನವರಿಯಲ್ಲಿ ಬೀಳುತ್ತದೆ. ಉತ್ತರ ಕೊರಿಯಾ ಇದೇ ಲಿಪಿಯ ದಿನವನ್ನು ಜನವರಿ 15ರಂದು ಆಚರಿಸುವುದು ಈ ಕಾರಣದಿಂದ. ಅವರು ಲಿಪಿ ಸಿದ್ಧವಾದ ಹೊತ್ತನ್ನು ಹಿಡಿದರು, ದಕ್ಷಿಣದವರು ಅದು ಜನರ ಮುಂದೆ ಬಂದ ಹೊತ್ತನ್ನು ಹಿಡಿದರು.

"ಹಾಗಾದರೆ ನಡುವೆ ಅಷ್ಟು ಕಾಲ ಏನಾಯಿತು?" ಎಂದಳು. ಇಡೀ ದಿನದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಈ ಪ್ರಶ್ನೆ. ನಡುವೆ ಆದದ್ದು ವಿರೋಧ. 1444ರಲ್ಲಿ, ದೊರೆಯದೇ ವಿದ್ವತ್ಸಭೆಯ ಹಿರಿಯನಾದ ಚೋಯ್ ಮಾಲ್ಲಿ ಮತ್ತು ಅವನ ಜೊತೆಗಾರರು ಮನವಿ ಸಲ್ಲಿಸಿ, ಚೀನಾದ ಅಕ್ಷರಗಳನ್ನು ಬಿಟ್ಟು ತಮ್ಮದೇ ಲಿಪಿ ಮಾಡಿಕೊಳ್ಳುವುದು ಮಂಗೋಲರಂತಹ ಅನಾಗರಿಕರ ನಡೆ ಎಂದು ವಾದಿಸಿದರು. ದೊರೆ ಅವರನ್ನು ಸೆರೆಗೆ ಹಾಕಿಸಿ ಮರುದಿನವೇ ಬಿಡಿಸಿದ. ಸೆರೆಗೆ ಹಾಕಿಸಿದ್ದಕ್ಕಿಂತ ಮರುದಿನ ಬಿಡಿಸಿದ್ದೇ ನನಗೆ ಹೆಚ್ಚು ಮಾತಾಡುವ ವಿವರ. ಆಮೇಲೆ ಅವನು ಇತರ ವಿದ್ವಾಂಸರನ್ನು ಕೂರಿಸಿಕೊಂಡು, ಪ್ರತಿಯೊಂದು ಅಕ್ಷರಕ್ಕೂ ಏಕೆ ಆ ಆಕಾರ ಎಂಬ ವಿವರಣೆಯನ್ನು ಬರೆಸಿದ.

ಆ ವಿವರಣೆಯ ಗ್ರಂಥವೇ ಶತಮಾನಗಳ ಕಾಲ ಕಣ್ಮರೆಯಾಗಿತ್ತು. ಅದರ ಪ್ರತಿ ಸಿಕ್ಕಿದ್ದು 1940ರಲ್ಲಿ, ಜಪಾನಿನ ಆಳ್ವಿಕೆ ಶಾಲೆಗಳಿಂದ ಕೊರಿಯನ್ ಭಾಷೆಯನ್ನು ಹೊರದೂಡುತ್ತಿದ್ದ ದಿನಗಳಲ್ಲಿ. ಕಲಾಸಂಗ್ರಾಹಕ ಜೊನ್ ಹ್ಯೊಂಗ್‌ಪಿಲ್ ಅದನ್ನು ಕೊಂಡು, 1945ರಲ್ಲಿ ಆ ಆಳ್ವಿಕೆ ಮುಗಿಯುವವರೆಗೆ ಗುಟ್ಟಾಗಿ ಇಟ್ಟುಕೊಂಡಿದ್ದರು. ಗ್ರಂಥದ ಕೊನೆಯ ಬರಹದಲ್ಲಿದ್ದ ತಿಥಿಯನ್ನು ಲೆಕ್ಕ ಹಾಕಿದ ಮೇಲೆಯೇ ಅಕ್ಟೋಬರ್ 9 ನಿಂತದ್ದು; ಅದಕ್ಕೆ ಮುಂಚೆ ಅದೇ ತಿಂಗಳ ಕೊನೆಯ ಭಾಗದಲ್ಲಿ ಆಚರಣೆ ನಡೆಯುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಮನಸ್ಸಿಗೆ ಸ್ವಲ್ಪ ಕಳವಳವೂ ಆಯಿತು. ಬೆಳಗಾದರೆ ಫೋನಿಗೆ ಬಂದು ಬೀಳುವ ತುಣುಕು ಜ್ಞಾನವನ್ನು ನಾನು ಪ್ರೀತಿಯಿಂದಲೇ ಓದುತ್ತೇನೆ. ಆದರೂ ಇಸವಿಯೊಂದನ್ನು ಮಾತ್ರ ನೆನಪಿಟ್ಟುಕೊಂಡವರಿಗೆ ಈ ವಿರೋಧ, ಬಚ್ಚಿಟ್ಟ ಗ್ರಂಥ, ಎರಡು ದೇಶಗಳ ಎರಡು ಆಯ್ಕೆ ಯಾವುದೂ ಸಿಗುವುದಿಲ್ಲ. ಪರೀಕ್ಷೆಯಲ್ಲಿ "ರಚನೆ" ಎಂದು ಕೇಳಿದ್ದರೆ 1443, "ಪ್ರಕಟಣೆ" ಎಂದು ಕೇಳಿದ್ದರೆ 1446 ಎಂದು ಗುರುತು ಹಾಕಲು ಹೇಳಿದೆ. ಅವಳು ತಲೆಯಾಡಿಸಿ ಎದ್ದು ಹೋದಳು. ಓದುವುದಕ್ಕೆ ಇನ್ನೂ ಬೇಕಾದಷ್ಟಿದೆ, ಪಾಪ.

ರಾತ್ರಿ ಅಕ್ಷರಗಳನ್ನು ತಿದ್ದಲು ಕುಳಿತೆ. ಕ ಮತ್ತು ಗಗಳ ನಡುವಿನ ಧ್ವನಿಗೆ ಅವರು ಅಡ್ಡಗೆರೆ ಎಳೆದು ಬಲತುದಿಯಿಂದ ಕೆಳಗೆ ಇಳಿಸುತ್ತಾರೆ. ಅದು ಹಿಂಭಾಗ ಮೇಲೆದ್ದು ಗಂಟಲನ್ನು ಮುಚ್ಚುವ ನಾಲಿಗೆಯ ಚಿತ್ರ. ನಕಾರ ತುದಿ ಎತ್ತಿದ ನಾಲಿಗೆ, ಮಕಾರ ಬಾಯಿಯ ಚೌಕ. ಉಸಿರು ಒತ್ತಿ ನುಡಿಯುವ ಖಕಾರ ಬೇಕಾದರೆ ಅದೇ ಅಕ್ಷರಕ್ಕೆ ಒಂದು ಗೆರೆ ಸೇರಿಸಿದರೆ ಸಾಕು. ಚಿಕ್ಕಂದಿನಲ್ಲಿ ನಾವು "ಹೊಟ್ಟೆ ಸೀಳು" ಎಂದು ಹೇಳಿಸಿಕೊಂಡು ದಕಾರವನ್ನು ಧಕಾರ ಮಾಡುತ್ತಿದ್ದುದು, ಬಕಾರವನ್ನು ಭಕಾರ ಮಾಡುತ್ತಿದ್ದುದು ತಟ್ಟನೆ ನೆನಪಾಯಿತು. ನಮ್ಮಲ್ಲಿ ಕ-ಖ, ಗ-ಘಗಳಿಗೆ ಆ ಗೆರೆ ಕೆಲಸ ಮಾಡುವುದಿಲ್ಲ, ಆಕಾರವೇ ಬೇರೆ. ಅವರಲ್ಲಿ ಧ್ವನಿ ಗಂಟಲು, ನಾಲಿಗೆ, ತುಟಿ ಹೀಗೆ ಯಾವ ಸ್ಥಾನದಲ್ಲಿ ಹುಟ್ಟಿದರೂ ಈ ಗೆರೆಯ ಕ್ರಮ ತಪ್ಪುವುದು ಕಡಿಮೆ. ಜಾಣನಾದವನು ಬೆಳಗು ಕಳೆಯುವುದರೊಳಗೆ, ದಡ್ಡನಾದರೂ ಹತ್ತು ದಿನಗಳಲ್ಲಿ ಇದನ್ನು ಕಲಿಯಬಲ್ಲ ಎಂದು ಆ ಗ್ರಂಥದ ಕೊನೆಯ ಬರಹದಲ್ಲಿದೆ. ಅಕ್ಷರಗಳ ಮಟ್ಟಿಗೆ ಅದು ನಿಜವೆನ್ನಿಸುತ್ತದೆ. ಭಾಷೆ ಬೇರೆಯದೇ ಮಾತು.

28ರಲ್ಲಿ ಇಂದು ಉಳಿದಿರುವುದು 24. ಬಿಟ್ಟುಹೋದ ನಾಲ್ಕರಲ್ಲಿ ಒಂದು, ಆಕಾಶದ ಗುರುತಾಗಿ ಬರೀ ಚುಕ್ಕೆಯಾಗಿ ಬರೆಯುತ್ತಿದ್ದ ಸ್ವರ. 1933ರ ಕಾಗುಣಿತ ನಿಯಮದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ, ಆದರೆ ಜೇಜು ದ್ವೀಪದ ಹಿರಿಯರ ಮಾತಿನಲ್ಲಿ ಆ ಧ್ವನಿ ಇನ್ನೂ ಇದೆ. ಧ್ವನಿಮುದ್ರಣವೊಂದನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ. ಕನ್ನಡದಲ್ಲಿ ಬರೆದಿಟ್ಟುಕೊಳ್ಳೋಣವೆಂದರೆ ಒಮ್ಮೆ ಅಕಾರದಂತೆ ಕೇಳಿಸುತ್ತದೆ, ಇನ್ನೊಮ್ಮೆ ಒಕಾರಕ್ಕೆ ಹತ್ತಿರ, ತುಟಿ ಮಾತ್ರ ಅಷ್ಟು