ಮೂರನೆಯ ಸ್ಲಾಟ್ ಕೊನೆಗೂ ತಣ್ಣಗಾಯಿತು

ಹನ್ನೊಂದು ದಿನಗಳ ಗುದ್ದಾಟದ ನಂತರ ಇಂದು ನನ್ನ ಸ್ಟೋರೇಜ್ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್‌ಗಳು ಕೂರುವ ಮೂರನೆಯ ಸ್ಲಾಟ್‌ನ ಡಿಸ್ಕ್ 43 ಡಿಗ್ರಿಯಲ್ಲಿ ನಿಂತಿದೆ, ಅದೂ ಸ್ಕ್ರಬ್ (ಡಿಸ್ಕ್‌ಗಳಲ್ಲಿರುವುದನ್ನೆಲ್ಲ ಓದಿ ತಪ್ಪಿದೆಯೇ ಎಂದು ಪರೀಕ್ಷಿಸುವ ಕೆಲಸ) ನಡೆಯುತ್ತಿರುವಾಗ! ಕಳೆದ ವಾರ ಇದೇ ಕೆಲಸಕ್ಕೆ ಅದು 54 ಮುಟ್ಟಿತ್ತು. ಕೋಣೆಯ ಉಷ್ಣತೆ ಎರಡೂ ಸಲ 28.

ಡಿಸ್ಕ್‌ಗಳನ್ನು ಒಂದರ ಮೇಲೊಂದು ಕೂರಿಸುವ ಗೂಡಿನಲ್ಲಿ, ಅಂದರೆ ಕೇಜ್‌ನಲ್ಲಿ, ಐದು ಡಿಸ್ಕ್‌ಗಳಿವೆ, ಎಲ್ಲವೂ ನಿಮಿಷಕ್ಕೆ 7200 ಸುತ್ತು ತಿರುಗುವಂಥವು. ಮುಂದೆ ಒಂದೇ 140 ಮಿಲಿಮೀಟರ್ ಫ್ಯಾನ್. ಜೋಡಣೆಯ ವಿವರ ಬೇಡ, ನೀವೆಲ್ಲ ಮಾಡಿರುವಂಥದ್ದೇ. ತಲೆ ಕೆಡಿಸಿದ್ದು ಒಂದೇ ಸಂಗತಿ: ಮೇಲಿನ ಮತ್ತು ಕೆಳಗಿನ ಡಿಸ್ಕ್‌ಗಳು 41ರಲ್ಲಿ ಹಾಯಾಗಿದ್ದರೆ ನಡುವಿನದು ಮಾತ್ರ ಏಕೆ ಕುದಿಯುತ್ತದೆ?

ಮೊದಲು ಡಿಸ್ಕ್‌ನ ಮೇಲೆಯೇ ಅನುಮಾನ ಬಂತು. ಮೂರನೆಯದನ್ನು ಒಂದನೆಯ ಸ್ಲಾಟ್‌ಗೆ, ಒಂದನೆಯದನ್ನು ಮೂರಕ್ಕೆ ಬದಲಿಸಿ ಮತ್ತೆ ಸ್ಕ್ರಬ್ ಓಡಿಸಿದೆ. ಬಿಸಿ ಡಿಸ್ಕ್‌ನ ಜೊತೆ ಹೋಗಲಿಲ್ಲ, ಸ್ಲಾಟ್‌ನಲ್ಲೇ ಉಳಿಯಿತು. ಅಲ್ಲಿಗೆ ಡಿಸ್ಕ್‌ನೊಳಗಿನ ಉಷ್ಣತೆಯ ಸೆನ್ಸರ್ ಸುಳ್ಳು ಹೇಳುತ್ತಿದೆ ಎಂಬ ವಾದವೂ ಬಿತ್ತು. ಇಂಥ ತೊಂದರೆ ಇರುವ ಯಾರಿಗಾದರೂ ನಾನು ಹೇಳುವುದು ಇದನ್ನೇ: ಏನನ್ನಾದರೂ ಕೊಳ್ಳುವ ಮೊದಲು ಡಿಸ್ಕ್‌ಗಳ ಜಾಗ ಬದಲಿಸಿ ನೋಡಿ.

ನಾನಂತೂ ಅಷ್ಟರಲ್ಲಿ ಹೊಸ ಫ್ಯಾನ್ ತರಿಸಿಬಿಟ್ಟಿದ್ದೆ. ಇಕ್ಕಟ್ಟಾದ ಕೇಜ್‌ನೊಳಗೆ ಗಾಳಿ ನುಗ್ಗಬೇಕಾದರೆ ಸ್ಥಿರ ಒತ್ತಡ (ಅಡೆತಡೆಯ ಎದುರು ಗಾಳಿ ನೂಕುವ ಬಲ) ಹೆಚ್ಚಿರುವ ಫ್ಯಾನ್ ಬೇಕು. ಎದುರಿಗೆ ಏನೂ ಇಲ್ಲದಿದ್ದಾಗ ಎಷ್ಟು ಗಾಳಿ ದಬ್ಬುತ್ತದೆ ಎಂಬ ಅಂಕಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮಾರಾಟಗಾರರಿಗೆ ಇದನ್ನು ಬಿಡಿಸಿ ಬರೆದಿದ್ದೆ. ಬಂದದ್ದು ತೆಳು ಎಲೆಗಳ, ಮೂರು ಪಿನ್ನಿನ ಫ್ಯಾನ್. ನಾಲ್ಕು ಪಿನ್ನಿನದು ಬೇಕೆಂದು ಎರಡು ಸಲ ಬರೆದರೂ ‘ಎರಡೂ ಒಂದೇ, ಹಾಕಿ ನೋಡಿ’ ಎಂಬ ಉತ್ತರ. ಒಂದೇ ಅಲ್ಲ, ವೇಗ ನಿಯಂತ್ರಿಸುವ ಸಂಕೇತ ಹೋಗುವುದು ನಾಲ್ಕನೆಯ ಪಿನ್ನಿನಲ್ಲೇ! ವಾಪಸು ಕಳುಹಿಸಿ ಸರಿಯಾದದ್ದು ಕೈಸೇರಲು ಆರು ದಿನ ಹಿಡಿಯಿತು. ಅದನ್ನು ಹಾಕಿದ ಮೇಲೂ ಮೂರನೆಯ ಸ್ಲಾಟ್ ಇಳಿದದ್ದು ಒಂದೇ ಡಿಗ್ರಿ.

ದಾರಿ ತೋರಿಸಿದ್ದು ಒಂದು ಗೇಣು ಹೊಲಿಗೆ ದಾರ. ತೆಳು ಕಡ್ಡಿಯ ತುದಿಗೆ ಕಟ್ಟಿ ಫ್ಯಾನ್‌ಗೂ ಕೇಜ್‌ಗೂ ನಡುವೆ ಹಿಡಿದು ನಿಧಾನವಾಗಿ ಸರಿಸುತ್ತ ಬಂದೆ. ಅಂಚಿನಲ್ಲಿ ದಾರ ಕೇಜ್‌ನ ಕಡೆಗೆ ಬಿರುಸಾಗಿ ಹಾರುತ್ತಿತ್ತು, ಆದರೆ ಡಿಸ್ಕ್‌ಗಳ ಸಂದಿಗೆ ಹೋಗದೆ ಕೇಜ್‌ನ ಪಕ್ಕದ ಖಾಲಿ ಜಾಗದತ್ತ ತಿರುಗಿಕೊಳ್ಳುತ್ತಿತ್ತು. ಡಿಸ್ಕ್‌ಗಳ ನಡುವೆ ಇರುವುದು ಮೂರು ಮಿಲಿಮೀಟರ್ ಸಂದು. ಪಕ್ಕದಲ್ಲಿ ಎರಡು ಬೆರಳು ಅಗಲದ ಹಾದಿ. ಸುಲಭದ ಹಾದಿ ಇರುವಾಗ ಗಾಳಿ ಕಷ್ಟದ ಹಾದಿ ಏಕೆ ಹಿಡಿದೀತು?

ಸರಿಯಾಗಿ ಮೂರನೆಯ ಡಿಸ್ಕ್‌ನ ಎದುರು ದಾರ ಜೋತುಬಿದ್ದಿತು. ಇನ್ನಷ್ಟು ಹತ್ತಿರ ಹಿಡಿದರೆ ಹಿಮ್ಮುಖವಾಗಿ ಫ್ಯಾನ್‌ನ ಕಡೆಗೇ ವಾಲಿತು. ಅದನ್ನು ಕಂಡಾಗ ಆದ ಸಂತೋಷ ಇಷ್ಟೆಂದು ಹೇಳಲಾರೆ. ಫ್ಯಾನ್‌ನ ನಡುವಿನ ಮೋಟಾರಿನ ದುಂಡು ಭಾಗ ಸುಮಾರು 45 ಮಿಲಿಮೀಟರ್ ಅಗಲ, ಡಿಸ್ಕ್‌ನ ದಪ್ಪ 26. ಆ ದುಂಡು ಭಾಗದ ಹಿಂದೆ ಎಲೆಗಳಿಲ್ಲ, ಆದ್ದರಿಂದ ಗಾಳಿಯೂ ಇಲ್ಲ. ಫ್ಯಾನ್ ಕೇಜ್‌ಗೆ ಅಂಟಿಕೊಂಡಂತೆ ಕುಳಿತಿದ್ದರಿಂದ ಆ ನೆರಳು ಪೂರ್ತಿಯಾಗಿ ನಡುವಿನ ಡಿಸ್ಕ್‌ನ ಮೇಲೆ ಬೀಳುತ್ತಿತ್ತು. ಸಾಲದ್ದಕ್ಕೆ ಮೇಲೊಂದು, ಕೆಳಗೊಂದು ಬಿಸಿ ಡಿಸ್ಕ್.

ಪಕ್ಕದ ಹಾದಿಯನ್ನು ದಪ್ಪ ರಟ್ಟು ಕತ್ತರಿಸಿ ಟೇಪಿನಿಂದ ಮುಚ್ಚಿದೆ: 53 ಇದ್ದದ್ದು 48ಕ್ಕೆ ಬಂತು. ಆಮೇಲೆ ಕೆಟ್ಟುಹೋದ ಹಳೆಯ 140ರ ಫ್ಯಾನ್ ಒಂದರ ಎಲೆ, ಮೋಟಾರು, ಅಡ್ಡಪಟ್ಟಿಗಳನ್ನೆಲ್ಲ ಕಿತ್ತು, ಉಳಿದ ಬರಿಯ ಚೌಕಟ್ಟನ್ನು ಫ್ಯಾನ್ ಮತ್ತು ಕೇಜ್ ನಡುವೆ ಕೂರಿಸಿದೆ. ಗಾಳಿ ಹರಡಿಕೊಳ್ಳಲು 25 ಮಿಲಿಮೀಟರ್ ಸಿಕ್ಕಿತು. 48 ಇದ್ದದ್ದು 43! ಕಂಪ್ಯೂಟರನ್ನು ನೀರಿನಿಂದ ತಣಿಸುವ ರೇಡಿಯೇಟರ್‌ಗೆ ಈ ಉಪಾಯ ಮಾಡುವವರನ್ನು ನೋಡಿದ್ದೆ, ಡಿಸ್ಕ್‌ಗೂ ಇಷ್ಟು ಚೆನ್ನಾಗಿ ಒಪ್ಪುತ್ತದೆ ಎಂದು ತೋಚಿರಲಿಲ್ಲ.

54 ಎಂದರೂ ತಯಾರಕರು ಕೊಡುವ 60ರ ಮಿತಿಯ ಒಳಗೇ ಇತ್ತಲ್ಲ ಎನ್ನಬಹುದು. ಗೂಗಲ್ 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿದಾಗ, ಸಾಧಾರಣ ಬಿಸಿಗೂ ಕೆಡುವುದಕ್ಕೂ ಎಲ್ಲರೂ ನಂಬಿದ್ದಷ್ಟು ಗಟ್ಟಿ ನಂಟು ಕಾಣಲಿಲ್ಲ ಎಂಬುದೂ ನಿಜ. ಆದರೆ ತೀರಾ ಹೆಚ್ಚಿನ ಉಷ್ಣತೆಯಲ್ಲಿ, ಅದರಲ್ಲೂ ಮೂರು ವರ್ಷ ದಾಟಿದ ಡಿಸ್ಕ್‌ಗಳಲ್ಲಿ, ಆ ನಂಟು ಕಂಡಿತ್ತು. ನನ್ನವು ನಾಲ್ಕು ವರ್ಷದವು. ಕೋಣೆ ಇನ್ನೂ ಆರು ಡಿಗ್ರಿ ಬಿಸಿಯಾದರೆ 54 ಇದ್ದದ್ದು 60 ಆಗುತ್ತಿತ್ತು.

ಇನ್ನು ಫ್ಯಾನ್ ವೇಗ. ಮದರ್‌ಬೋರ್ಡ್ ಅದನ್ನು ಪ್ರೊಸೆಸರ್‌ನ ಬಿಸಿ ನೋಡಿ ನಿರ್ಧರಿಸುತ್ತದೆ; ಸ್ಕ್ರಬ್‌ನಲ್ಲಿ ಬೇಯುವುದು ಡಿಸ್ಕ್‌ಗಳು. ಆದ್ದರಿಂದ ಅತಿ ಬಿಸಿ ಡಿಸ್ಕ್‌ನ ಅಂಕಿ ಹಿಡಿದು ವೇಗ ಬದಲಿಸುವ ಚಿಕ್ಕ ಸ್ಕ್ರಿಪ್ಟ್ ಬರೆದಿದ್ದೇನೆ. ನಿದ್ದೆಯಲ್ಲಿರುವ ಡಿಸ್ಕ್‌ಗಳನ್ನು ಅದು ಎಬ್ಬಿಸದಂತೆ ಡಿಸ್ಕ್‌ನ ಅಂಕಿ ಓದುವ ಸ್ಮಾರ್ಟ್‌ಸಿಟಿಎಲ್ ಎಂಬ ತಂತ್ರಾಂಶದ ಸ್ಟ್ಯಾಂಡ್‌ಬೈ ಆಯ್ಕೆ ಹಾಕಲು ಮರೆಯಬೇಡಿ.

ರಟ್ಟನ್ನು ಶಾಶ್ವತವಾಗಿ ಬಿಡುವ ಮನಸ್ಸಿಲ್ಲ. ಸಂದು ಎಂಟು ಮಿಲಿಮೀಟರ್ ಇರುವ ಹೊಸ ಕೇಜ್ ಒಂದನ್ನು ತ್ರೀಡಿ ಪ್ರಿಂಟರ್‌ನಲ್ಲಿ ತೆಗೆಯುವ ಆಸೆ ಹುಟ್ಟಿದೆ, ನಕ್ಷೆ ಆಗಲೇ ಅರ್ಧ ಆಗಿದೆ. ಪಿಎಲ್‌ಎ ಎಂಬ ಪ್ಲಾಸ್ಟಿಕ್ ಬೇಡ, 60ರ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಹೆಚ್ಚು ಬಿಸಿ ತಾಳುವ ಪಿಇಟಿಜಿ ತರಿಸಬೇಕು. ಫ್ಯಾನ್‌ನ ಮುಂದೊಂದು, ಕೇಜ್‌ನ ಹಿಂದೊಂದು ಡಿಎಸ್18ಬಿ20 ಎಂಬ ಉಷ್ಣತೆಯ ಸೆನ್ಸರ್ ಇಟ್ಟರೆ ಗಾಳಿ ಎಷ್ಟು ಬಿಸಿ ಹೊತ್ತೊಯ್ಯುತ್ತದೆ ಎಂಬುದನ್ನೂ ಅಳೆಯಬಹುದು. ಸೆನ್ಸರ್‌ಗಳು ಬಂದಿವೆ. ಈ ಸಲ ಬೇರೆ ಮಾರಾಟಗಾರರಿಂದ ತರಿಸಿದೆ.