ತಕಿಟ ತಕಿಟ ತಕ ತಕ ತಕ

ಮೊನ್ನೆ ಶನಿವಾರ ಕುವೆಂಪುನಗರದ ನಮ್ಮ ಮನೆ ಮಹಡಿಯಲ್ಲಿ ಭರತನಾಟ್ಯದ ಕ್ಲಾಸ್ ಮುಗಿದಿತ್ತು. ಮಕ್ಕಳು ಗೆಜ್ಜೆ ಬಿಚ್ಚುತ್ತಿದ್ದರು. ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು, "ಅಮ್ಮಾ, ಇವಳ ಕಾಲು ನೋಡು" ಅಂದಳು.

ನೋಡಿದರೆ ರೊಸಿಯೊ ಮೊಲಿನಾ. ಸ್ಪೇನಿನ ಮಲಗಾದವಳು, 1984ರಲ್ಲಿ ಹುಟ್ಟಿದ ಫ್ಲಮೆಂಕೊ ಕಲಾವಿದೆ. ಫ್ಲಮೆಂಕೊ ಅಂದರೆ ಗಿಟಾರು, ಹಾಡಿನ ಜೊತೆ ಶೂ ಕಾಲಿನಿಂದ ತಾಳ ಬಡಿಯುವ ಸ್ಪೇನಿನ ಕುಣಿತ. ಪ್ರಯೋಗದ ಹೆಸರು 'ಕಯೀದಾ ದೆಲ್ ಸಿಯೆಲೊ', 2016ರದ್ದು. ಆಕಾಶದಿಂದ ಬೀಳುವುದು ಅಂತ ಅರ್ಥ. ಫ್ಲಮೆಂಕೊದಲ್ಲಿ ಉದ್ದ ಬಾಲದ ಲಂಗ ಒಂದಿದೆ, ಬಾತಾ ದೆ ಕೋಲಾ ಅಂತಾರೆ. ಆ ಭಾರದ ಬಾಲವನ್ನು ಕಾಲಿನಿಂದಲೇ ಎತ್ತಿ, ಒದ್ದು, ತಿರುಗಿಸುವುದು ವರ್ಷಗಟ್ಟಲೆ ಕಲಿಯುವ ವಿದ್ಯೆ. ಇವಳು ಬಿಳೀ ಬಾತಾ ತೊಟ್ಟು ನೆಲದ ಮೇಲೆ ಮಲಗಿಬಿಡುತ್ತಾಳೆ. ಆಮೇಲೆ ಬಣ್ಣದಲ್ಲಿ ನೆನೆದ ಲಂಗ ಎಳೆದುಕೊಂಡು ಓಡಾಡುತ್ತಾಳೆ. ಬೆಳ್ಳಗಿದ್ದ ನೆಲದ ತುಂಬ ಕಲೆ.

ನನ್ನ ಗುರುಗಳು ಇದ್ದಿದ್ದರೆ ಎದ್ದು ಹೋಗುತ್ತಿದ್ದರೇನೋ. ನಾನು ಕಣ್ಣು ಮುಚ್ಚಿ ಬರೀ ಕಾಲಿನ ಸದ್ದು ಕೇಳಿದೆ. ಒಂದು ಏಟೂ ಆಚೀಚೆ ಇಲ್ಲ.

ನನ್ನ ಶಿಷ್ಯೆಯೊಬ್ಬಳು ಹದಿಮೂರರ ಹುಡುಗಿ, ಲೆಕ್ಕದಲ್ಲಿ ಚುರುಕು. ಮಗಳು ಮುಂದೆ ಹಳೇ ಶೈಲಿಯ ಸೊಲೆಯಾ (ಫ್ಲಮೆಂಕೊದ ಒಂದು ಬಗೆ) ಒಂದನ್ನು ಹಾಕಿದಾಗ ಅವಳು ಬೆರಳು ಮಡಿಸಿ ಎಣಿಸಿ, "12 ಬರತ್ತೆ ಮಿಸ್. ರೂಪಕ ತಾಳ ಎರಡು ಸುತ್ತಾ?" ಅಂದಳು. ಅಲ್ಲ. ಸೊಲೆಯಾದಲ್ಲಿ ಒತ್ತು ಬೀಳುವುದು 3, 6, 8, 10, 12ರ ಮೇಲೆ. ನಮ್ಮ ಸೊಲ್ಲಲ್ಲಿ ಹೇಳಿದರೆ ತಕಿಟ ತಕಿಟ ತಕ ತಕ ತಕ. ಸುಲಭ ಅನ್ನಿಸತ್ತೆ ಅಲ್ವಾ? ತಟ್ಟಿ ನೋಡಿ. ನಾವು ತಕಿಟದ 'ತ'ಕ್ಕೆ ಒತ್ತು ಕೊಡುತ್ತೇವೆ, ಅವರು ಕೊನೆಯ 'ಟ'ಕ್ಕೆ. ಮೂವತ್ತು ವರ್ಷದಿಂದ ಕುಣಿದ ನನ್ನ ಕಾಲು ಪ್ರತಿ ಸಲ ಮೊದಲೇ ಹೋಗಿ ಬಿತ್ತು.

ಫ್ಲಮೆಂಕೊ ಕುಣಿಯುವ ಜಿಪ್ಸಿಗಳು, ಅಂದರೆ ರೋಮಾ ಜನ, ಇಲ್ಲಿಂದ ಹೋದವರು, ಹಾಗಾಗಿ ಫ್ಲಮೆಂಕೊ ನಮ್ಮದೇ ಅಂತ ಹೇಳುವವರನ್ನು ಕೇಳಿದ್ದೇನೆ. ರೋಮಾ ಜನರ ಬೇರು ಭಾರತದಲ್ಲಿದೆ, ನಿಜ. ಆದರೆ ಈ ಕುಣಿತ ಹದವಾದದ್ದು ದಕ್ಷಿಣ ಸ್ಪೇನಿನ ಆಂಡಲೂಸಿಯಾದಲ್ಲಿ. ಅವರ ಬೆವರನ್ನು ನಮ್ಮದು ಅನ್ನುವುದು ನನಗೆ ಸರಿ ಕಾಣಲ್ಲ.

ರಾತ್ರಿ ಕೂತು ಇನ್ನಷ್ಟು ನೋಡಿದೆ. ಇಸ್ರಾಯೆಲ್ ಗಾಲ್ವಾನ್ ಅಂತ ಸೆವಿಲ್ಲಾದ ಇನ್ನೊಬ್ಬ ಫ್ಲಮೆಂಕೊ ಕಲಾವಿದ. ಅವನ ಅಪ್ಪ ಅಮ್ಮ ಇಬ್ಬರೂ ನೃತ್ಯದವರು. ಅವನ 'ಸೋಲೊ'ದಲ್ಲಿ ಗಿಟಾರಿಲ್ಲ, ಹಾಡಿಲ್ಲ, ಅವನ ಮೈಯ ಸದ್ದೇ ಸಂಗೀತ. ಅವನು ನಿಂತುಬಿಟ್ಟಾಗಲೂ ಎಣಿಕೆ ನನ್ನ ತಲೆಯಲ್ಲಿ ಓಡುತ್ತಲೇ ಇತ್ತು. ಅವನೇ ಓಡಿಸುತ್ತಿದ್ದ. ಹೊಸದು ಮಾಡುತ್ತೇನೆ ಅಂತ ತಾಳವನ್ನೇ ಬಿಟ್ಟವರನ್ನು ನಮ್ಮಲ್ಲಿ ಬೇಕಾದಷ್ಟು ನೋಡಿದ್ದೇನೆ. ಇವರು ಬಟ್ಟೆ, ಹಾಡು, ಅಂದ ಎಲ್ಲ ಬಿಡುತ್ತಾರೆ, ಅದೊಂದನ್ನು ಬಿಡಲ್ಲ.

ಆದರೆ ನನ್ನನ್ನು ಅಳಿಸಿದ್ದು ಮೊಲಿನಾಳ 2018ರ 'ಗ್ರೀತೊ ಪೆಲಾವೊ'. ಬಸುರಿಯಾಗಿದ್ದಾಗಲೇ ಕುಣಿದಿದ್ದಾಳೆ. ವೇದಿಕೆ ಮೇಲೆ ಅವಳ ತಾಯಿಯೂ ಇದ್ದಾರೆ. ಈ ಮಗಳು ಹೊಟ್ಟೆಯಲ್ಲಿದ್ದಾಗ ನನಗೆ ಐದು ತಿಂಗಳು. ಡಾಕ್ಟರ್ ಬೇಡ ಅಂದಿರಲಿಲ್ಲ. ಕೂತು ಅಭಿನಯಿಸುವ ಒಂದು ಪದ, ಅಂದರೆ ಒಂದು ಹಾಡು, ಅಷ್ಟೇ ಇತ್ತು. ಹಿರಿಯರೊಬ್ಬರು, "ಆ ಹೊಟ್ಟೆ ಹೊತ್ತುಕೊಂಡು ಸ್ಟೇಜ್ ಹತ್ತುತ್ತೀಯಾ?" ಅಂದರು. ಸುಮ್ನೆ ಹಿಂದೆ ಸರಿದೆ. ವಾಪಸ್ ಗೆಜ್ಜೆ ಕಟ್ಟಿದ್ದು ಮಗಳಿಗೆ ನಾಲ್ಕು ತುಂಬಿದ ಮೇಲೆ.

ಮುಂದಿನ ಕ್ಲಾಸಿನಲ್ಲಿ ಆ ಹುಡುಗಿಯನ್ನು ಉಳಿಸಿಕೊಂಡೆ. ಫ್ಲಮೆಂಕೊ ಶೂಗಳ ತುದಿಗೂ ಹಿಮ್ಮಡಿಗೂ ಸಣ್ಣ ಮೊಳೆ ಬಡಿದಿರುತ್ತಾರೆ. ನಮಗಿರುವುದು ಬರೀ ಪಾದ, ಕೆಂಪು ರೆಡ್ ಆಕ್ಸೈಡ್ ನೆಲ. ತುದಿಗಾಲು ಆಮೇಲೆ ಹಿಮ್ಮಡಿ ಬರುವ ಕುದಿತ್ತುಮೆಟ್ಟಡವು ಅನ್ನುವ ಹೆಜ್ಜೆಯಿಂದ ಶುರು ಮಾಡಿ, ಒತ್ತನ್ನೆಲ್ಲ ಹಿಮ್ಮಡಿಗೆ ತಂದೆವು. ನಾನು ಮಣೆ ಮೇಲೆ ಕೋಲು ತಟ್ಟಿದೆ. ಆರೇಳು ಸಲ ತಪ್ಪಿ, ಒಂದು ಸುತ್ತು ಪೂರ್ತಿ ಕೂತಿತು.

"ಇರಿ ಮಿಸ್" ಅಂತ ಕೂತು ಗೆಜ್ಜೆ ಬಿಚ್ಚತೊಡಗಿದಳು. "ಇದರ ಗಲಾಟೇಲಿ ಹಿಮ್ಮಡಿ ಕೇಳ್ತಿಲ್ಲ."